ವ್ಯಾಜ್ಯಮುಕ್ತ ತಾಲ್ಲೂಕಿನಲ್ಲಿ ಗಿರಿಜ

ಕಾರ್ಮಿಕ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಕೈಯಲ್ಲಿ ಹೊಸ ಕಾಯಿದೆಯ ದಪ್ಪ ಪುಸ್ತಕ, ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ಇನ್ನೂ ಮಾಸದ ಉತ್ಸಾಹ. "ಮೇಡಂ, ಸಂಧಾನ ಮಾಡೋದು ಹೇಗೆ ಅಂತ ಸ್ವಲ್ಪ ಹೇಳ್ಕೊಡಿ" ಎಂದರು. ತರಬೇತಿಯಲ್ಲಿ ಹೇಳಿಕೊಡಲಿಲ್ಲವೇ ಎಂದು ಕೇಳಿದೆ. ಹೇಳಿಕೊಟ್ಟಿದ್ದಾರಂತೆ. ಪರದೆಯ ಮೇಲೆ ಎರಡು ಕೈ ಕುಲುಕುವ ಚಿತ್ರ ತೋರಿಸಿ, ಎರಡೂ ಕಡೆಯವರು ಗೆದ್ದರೆ ಅದೇ ಸಂಧಾನ ಎಂದರಂತೆ. ನನಗೆ ನಗು ತಡೆಯಲಾಗಲಿಲ್ಲ. ನಾನು ನೋಡಿದ ಸಂಧಾನಗಳಲ್ಲಿ ಎರಡೂ ಕಡೆಯವರು ಸುಸ್ತಾದದ್ದೇ ಹೆಚ್ಚು. ಅವತ್ತು ಚಕ್ಕುಲಿ ಕೊಟ್ಟು ಕಳಿಸಿದೆ. ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇದರಲ್ಲಿ ಹುಡುಕಬೇಡಿ ಮಕ್ಕಳೇ, ಆ ಶಾಲುಗಳನ್ನು ನಾನೂ ಹುಡುಕುತ್ತಿದ್ದೇನೆ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ತೋಟದವರಿಗೂ ತೋಟದ ಕೆಲಸದವರಿಗೂ, ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನವರಿಗೂ ಅಲ್ಲಿಯ ಹೆಣ್ಣಾಳುಗಳಿಗೂ ಜಗಳ ಬಂದರೆ, ಇಬ್ಬರನ್ನೂ ಚಿಕ್ಕಮಗಳೂರಿಗೆ ಕರೆಸಿ ಎದುರು ಬದುರು ಕೂರಿಸಿ ಮಾತಾಡಿಸುವುದು. ತೀರ್ಪು ಕೊಡುವ ಅಧಿಕಾರ ನಮಗಿರಲಿಲ್ಲ. ಮಾತು ಮುರಿದುಬಿದ್ದರೆ ಮೇಲಕ್ಕೆ ವರದಿ ಬರೆಯಬೇಕು, ಮೇಲಿನವರಿಗೆ ಮನಸ್ಸು ಬಂದಾಗ ಅದು ಕೋರ್ಟಿಗೆ ಹೋಗುತ್ತದೆ. ನಮ್ಮಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಹಣೆ ತುಂಬ ವಿಭೂತಿ ಬಳಿದುಕೊಂಡು ದಿನವಿಡೀ ಗಿರಾಕಿಗಳ ಜೊತೆ ಚೌಕಾಸಿ ಮಾಡುತ್ತಿದ್ದ ಮನುಷ್ಯ. ನನ್ನ ಕೆಲಸದ ವಿವರ ಕೇಳಿ, "ಅಲ್ಲಮ್ಮ, ಬಟ್ಟೆನೂ ಇಲ್ಲ, ದರಾನೂ ಇಲ್ಲ, ಬರೀ ಚೌಕಾಸಿ ಮಾಡ್ಸದಕ್ಕೆ ಸರ್ಕಾರ ಸಂಬಳ ಕೊಡ್ತದಾ?" ಎಂದು ಬೆರಗಾಗಿದ್ದರು.

ನಾನು ಸೇರಿದಾಗ ಇದ್ದ ಸಾಹೇಬರಿಗೆ ನಾವು ಹಿಂದಿನಿಂದ ಇಟ್ಟ ಹೆಸರು 'ಮುಂದಿನ ತಾರೀಕು'. ಒಳ್ಳೆಯ ಮನುಷ್ಯ, ಯಾರಿಗೂ ಒಂದು ಕಟು ಮಾತಾಡಿದವರಲ್ಲ. ಯಾರಿಗೂ ಏನೂ ಮಾಡಿದವರೂ ಅಲ್ಲ. ತೋಟದವರು ಬಂದರೆ ಕೆಲಸದವರು ಬಂದಿಲ್ಲವೆಂದು ಮುಂದಕ್ಕೆ ಹಾಕುವರು, ಕೆಲಸದವರು ಬಂದರೆ ತೋಟದವರು ಬಂದಿಲ್ಲವೆಂದು ಮುಂದಕ್ಕೆ ಹಾಕುವರು. ಅಪರೂಪಕ್ಕೆ ಇಬ್ಬರೂ ಬಂದುಬಿಟ್ಟರೆ ಅವರ ಮುಖ ಸಪ್ಪಗಾಗುತ್ತಿತ್ತು. ಆಗ ಕೋಪ ತಣ್ಣಗಾಗಲಿ ಎಂದು ಮುಂದಕ್ಕೆ ಹಾಕುವರು. ಕಳಸದ ಕಡೆಯ ಒಬ್ಬ ಕೆಲಸಗಾರ ತನ್ನನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿ ಬಸ್ಸು ಹತ್ತಿ ಇಳಿದು ಹತ್ತಿ ಇಳಿದು ತಲೆ ನರೆತು ಹೋದ. ಕಡೆಗೊಂದು ದಿನ ಸಾಹೇಬರು ಅವನ ವಯಸ್ಸು ಕೇಳಿದರು. ನಿವೃತ್ತಿಯ ವಯಸ್ಸು ದಾಟಿತ್ತು. "ಇನ್ನು ನಿಮ್ಮನ್ನ ಸೇರಿಸ್ಕೊಳೋ ಪ್ರಶ್ನೆನೇ ಬರೋದಿಲ್ಲ ಬಿಡಿ" ಎಂದು ಸಂತೋಷದಿಂದ ಹೇಳಿ, ಕಡತದ ಮೇಲೆ ಇತ್ಯರ್ಥವಾಗಿದೆ ಎಂದು ಬರೆದರು. ಆ ಮನುಷ್ಯ ಕೈ ಮುಗಿದು ಹೋದ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಇಂತಹ ಕಚೇರಿಗೆ ಸುಧಾರಣೆ ಬೇಕಾಗಿತ್ತು, ಬೇಡವೆಂದವರು ಯಾರು? ಬಂತು. ಬೆಂಗಳೂರಿನಿಂದ ಹೊಸ ಸಾಹೇಬರ ರೂಪದಲ್ಲೇ ಬಂತು. ವಯಸ್ಸು ಚಿಕ್ಕದು, ಷರಟು ಗರಿಗರಿ, ಮಾತಿಗೊಮ್ಮೆ 'ಪರಿವರ್ತನೆ'. ಬಂದ ವಾರದಲ್ಲೇ ನಮ್ಮ ಹೆಸರು ಬದಲಾಯಿತು. ತೋಟಗಳನ್ನು ನೋಡಿ ಬರುವ ನಾವು ಇಷ್ಟು ದಿನ ನಿರೀಕ್ಷಕರಾಗಿದ್ದೆವು, ಇನ್ನು ಮೇಲೆ ಸುಗಮಕಾರರು. ನಾನು ಈ ವಿಷಯ ತಿಳಿಸಿದಾಗ ವಸ್ತಾರೆ ಕಡೆಯ ಒಬ್ಬ ಮೇಸ್ತ್ರಿ, "ಹಂಗಂದ್ರೆ ರೇಡಿಯೋದಲ್ಲಿ ಹಾಡ್ತೀರಾ ಮೇಡಂ?" ಎಂದ. ಎರಡನೆಯ ಸುಧಾರಣೆ ಇನ್ನೂ ದೊಡ್ಡದು. ಯಾವ ತೋಟಕ್ಕೆ ಯಾವಾಗ ಹೋಗಬೇಕೆಂದು ನಾವು ತೀರ್ಮಾನಿಸುವಂತಿಲ್ಲ, ಕಂಪ್ಯೂಟರ್ ಆರಿಸುತ್ತದೆ. ಆರಿಸಿದ ಮೇಲೆ ತೋಟದವರಿಗೆ ಮುಂಚಿತವಾಗಿ ತಿಳಿಸಬೇಕು. ಒಮ್ಮೆ ಅದು ಆರಿಸಿದ ತೋಟಕ್ಕೆ ಹೋದರೆ ಅಲ್ಲಿ ಕಾಫಿ ಗಿಡ ಕಿತ್ತು ಈಜುಕೊಳ ಕಟ್ಟಿದ್ದರು. ರೆಸಾರ್ಟಿನವರು ನನ್ನನ್ನು ಅತಿಥಿ ಎಂದು ತಿಳಿದು ಹಣೆಗೆ ಕುಂಕುಮ ಇಟ್ಟರು. ನಾನೂ ಸುಮ್ಮನೆ ಇಡಿಸಿಕೊಂಡೆ.

ಈ ಸುಧಾರಣೆಯ ಕಾಲದಲ್ಲೇ ಗಿರಿಜ ಬಂದದ್ದು. ಇನ್ನು ನಾನು ಹೇಳುವುದೆಲ್ಲ ಅವಳ ವಿಷಯವೇ.

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲೊಂದು ತೋಟ, ಹೆಸರು ಬೇಡ. ಗಿರಿಜ ಹುಟ್ಟಿದ್ದು ಆ ತೋಟದ ಲೈನಿನಲ್ಲೇ. ಲೈನ್ ಎಂದರೆ ಕೆಲಸದವರಿಗೆ ತೋಟದವರು ಕಟ್ಟಿಸಿದ ಸಾಲುಮನೆ. ಕೆಲಸ ಇರುವ ತನಕ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. ಗಂಡ ತೀರಿಕೊಂಡಿದ್ದ, ನಡೆಯಲಾಗದ ಅತ್ತೆಯೊಬ್ಬರು ಅದೇ ಮನೆಯಲ್ಲಿ ಮಲಗಿದ್ದರು. ಕಾಳುಮೆಣಸಿನ ಕೊಯ್ಲಿನಲ್ಲಿ ಗಿರಿಜಳ ಕೆಲಸ ಏಣಿ ಹಿಡಿಯುವುದು. ಮೆಣಸಿನ ಬಳ್ಳಿ ಸಿಲ್ವರ್ ಮರಕ್ಕೆ ತುದಿಯ ತನಕ ಹಬ್ಬಿರುತ್ತದೆ. ಉದ್ದದ ಬಿದಿರೇಣಿ ಒರಗಿಸಿ ಗಂಡಾಳುಗಳು ಮೇಲೆ ಹತ್ತಿ ಕೊಯ್ಯುತ್ತಾರೆ, ಕೆಳಗೆ ಒಬ್ಬರು ಏಣಿಯ ಬುಡವನ್ನು ಅದುಮಿ ಹಿಡಿದಿರುತ್ತಾರೆ. ಮೇಲಿರುವವನ ಜೀವ ಕೆಳಗಿನವರ ಕೈಯಲ್ಲಿ. ಆ ವರ್ಷ ಕೊಯ್ಲಿನ ನಡುವೆ ಹೂಮಳೆ ಬಂತು. ಕಾಫಿ ಹೂವಿಗೆ ಸಮಯಕ್ಕೆ ಸರಿಯಾಗಿ ಮಳೆ ಬಿದ್ದರೆ ತೋಟದವರಿಗೆ ಹಬ್ಬ. ಸಾಹುಕಾರರು ಚಿಕ್ಕಮಗಳೂರಿನಿಂದ ಫೋನ್ ಮಾಡಿ ಎಲ್ಲರಿಗೂ ಲಾಡು ಹಂಚಲು ಹೇಳಿದರಂತೆ. ಲಾಡು ತಿಂದಾದ ಮೇಲೆ ಮ್ಯಾನೇಜರ್ ಉಮೇಶ್, ಮಳೆ ನಿಂತಿತಲ್ಲ, ಏಣಿ ಹತ್ತಿ ಎಂದರು. ಹತ್ತಿದರು. ಗಿರಿಜಳ ಕೈಗೆ ಬಿದಿರು ಜಾರತೊಡಗಿತು. ಹಿಂದಿನ ವರ್ಷ ಪಕ್ಕದ ತೋಟದಲ್ಲಿ ಒಬ್ಬ ಒದ್ದೆ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದವನು ಇನ್ನೂ ಎದ್ದಿರಲಿಲ್ಲ. ಅವಳು ತಲೆ ಎತ್ತಿ, "ಪುಟ್ಟಯ್ಯ, ಇಳಿ ಮಾರಾಯ! ಎಲ್ಲಾ ಇಳೀರಿ!" ಎಂದು ಕೂಗಿದಳು. ಅವಳ ಏಣಿಯ ಪುಟ್ಟಯ್ಯ ಇಳಿದ, ಆಚೆ ಈಚೆಯ ಏಣಿಗಳವರೂ ಇಳಿದರು.

ಮಾರನೆಯ ದಿನದಿಂದ ಅವಳಿಗೆ ಕೆಲಸವಿಲ್ಲ. ಕೆಲಸ ನಿಲ್ಲಿಸಲು ಇತರರನ್ನು ಪ್ರಚೋದಿಸಿದ್ದು ಅವಳ ಅಪರಾಧ. ವಿಚಾರಣೆ ಮಾಡದೆ ಹಾಗೆ ತೆಗೆಯುವಂತಿಲ್ಲ. ಉಮೇಶ್ ಅವರಿಗೂ ಅದು ಗೊತ್ತಿತ್ತು, ನಮ್ಮ ಕಚೇರಿಯ ವೇಗವೂ ಗೊತ್ತಿತ್ತು. ಗಿರಿಜ ಬಸ್ಸು ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತಳು. ಕೂರು ಎಂದರೂ ಕೂರಲಿಲ್ಲ.

"ನಂಗೆ ಕೆಲ್ಸ ವಾಪಸ್ ಬೇಕು ಮೇಡಂ. ಅದೇ ತೋಟದಲ್ಲೇ ಬೇಕು. ಅತ್ತೆನ ಎತ್ಕೊಂಡು ಎಲ್ಲಿಗೆ ಹೋಗ್ಲಿ?"

"ದಿನಾ ಬೆಳಿಗ್ಗೆ ಮಸ್ಟರಿಗೆ ಹೋಗಿ ನಿಲ್ಲು" ಎಂದೆ. ಮಸ್ಟರ್ ಎಂದರೆ ತೋಟದ ಅಂಗಳದಲ್ಲಿ ರೈಟರು, ಅಂದರೆ ತೋಟದ ಗುಮಾಸ್ತರು, ಬೆಳಗಿನ ಹಾಜರಿ ಕೂಗುವುದು. ಹೆಸರು ಕೂಗಿದರೆ ಅವತ್ತು ಕೆಲಸ ಉಂಟು. "ಕರೀಲಿ ಬಿಡ್ಲಿ, ನೀನು ನಿಲ್ಲು. ಕೆಲಸ ಬಿಟ್ಟು ಹೋದಳು ಅಂತ ಹೇಳೋಕೆ ಅವರಿಗೆ ದಾರಿ ಕೊಡಬೇಡ."

ಅವಳು ಪ್ರತಿ ದಿನ ನಿಂತಳು. ರೈಟರ್ ಶೇಷಪ್ಪ ದಿನವೂ ಅವಳ ಹೆಸರು ಬಿಟ್ಟು ಕೂಗಿದರು. ಆಮೇಲೆ ಅವಳು ಸಣ್ಣ ಬೆಳೆಗಾರರ ಗದ್ದೆ ತೋಟಗಳಲ್ಲಿ ಸಿಕ್ಕ ಕೆಲಸಕ್ಕೆ ಹೋಗುತ್ತಿದ್ದಳು.

ಇತ್ತ ನಮ್ಮ ಸಾಹೇಬರು ಕಚೇರಿಯ ಹಳೆಯ ದಾಸ್ತಾನು ಕೋಣೆಗೆ ಸುಣ್ಣ ಬಳಿಸಿ 'ಸೌಹಾರ್ದ ಕೊಠಡಿ' ಎಂದು ಬೋರ್ಡು ಹಾಕಿಸಿದ್ದರು. ದುಂಡು ಮೇಜು, ಪ್ಲಾಸ್ಟಿಕ್ ಹೂವು, ಗೋಡೆಯ ಮೇಲೆ ಪಾರಿವಾಳದ ಚಿತ್ರ. ಅಲ್ಲಿ ಕೂತವರಿಗೆ ಜಗಳವಾಡುವ ಮನಸ್ಸೇ ಬರಬಾರದು ಎಂಬುದು ಸಾಹೇಬರ ಸಿದ್ಧಾಂತ. ಎದುರಾಳಿಗಳು ಒಬ್ಬರಿಗೊಬ್ಬರು ಕಾಫಿ ಕೊಟ್ಟು ಮಾತು ಶುರು ಮಾಡಬೇಕೆಂಬುದು ಅವರು ಎಲ್ಲೋ ತರಬೇತಿಯಲ್ಲಿ ಕಲಿತು ಬಂದ ಕ್ರಮ. ಆ ಕೋಣೆಯ ಮೊದಲ ಕೇಸು ಗಿರಿಜಳದ್ದು. ಉಮೇಶ್ ಟ್ರೇಯಿಂದ ಒಂದು ಲೋಟ ಎತ್ತಿ ಬಹಳ ವಿನಯದಿಂದ ಅವಳ ಮುಂದೆ ಹಿಡಿದರು. "ತಗಾ ಗಿರಿಜ, ಕುಡಿ." ಗಿರಿಜ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ನಮ್ಮ ತೋಟಗಳ ಕಡೆ ಇದು ಗೊತ್ತಿಲ್ಲದವರಿಲ್ಲ. ಜಗಳವಾಡಿದವರ ಕೈಯಿಂದ ಕಾಫಿ ಇಸಿದುಕೊಂಡು ಕುಡಿದರೆ ಜಗಳ ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತು ಎತ್ತುವಂತಿಲ್ಲ, ಎತ್ತಿದರೆ ಕುಡಿದವರದೇ ತಪ್ಪು. ಉಮೇಶ್ ಅವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅಷ್ಟು ವಿನಯ.

"ಕುಡೀರಮ್ಮ, ನಾಚಿಕೆ ಯಾಕೆ?" ಎಂದರು ಸಾಹೇಬರು.

"ಬೇಡ ಸಾರ್. ಕುಡಿದ್ರೆ ಮುಗೀತು ಅಂತ ಆಗ್ತದೆ."

"ಏನು ಮುಗಿಯುತ್ತೆ? ಇನ್ನೂ ಶುರುವೇ ಆಗಿಲ್ಲವಲ್ಲ!"

"ಅದಕ್ಕೇ ಸಾರ್ ಬೇಡ ಅಂದಿದ್ದು."

ನಾನು ಸಾಹೇಬರ ಕಿವಿಯ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ನನ್ನನ್ನು ಮರುಕದಿಂದ ನೋಡಿ, "ಇಂಥ ಮೂಢನಂಬಿಕೆಗಳಿಂದಲೇ ಮೇಡಂ ವ್ಯವಸ್ಥೆ ಹಿಂದೆ ಬಿದ್ದಿರೋದು" ಎಂದರು. ನಡಾವಳಿಯಲ್ಲಿ 'ಕಾರ್ಮಿಕರು ಸೌಹಾರ್ದ ವಾತಾವರಣಕ್ಕೆ ಸಹಕರಿಸಲಿಲ್ಲ' ಎಂದು ಬರೆಸಿದರು. ಒದ್ದೆ ಏಣಿಯ ವಿಷಯ ಅವತ್ತು ಬಾಯಿಗೇ ಬರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಆ ಲೋಟದ ಕಾಫಿಯನ್ನು ನಾನೇ ಕುಡಿದೆ. ಸಿಟ್ಟಿನಲ್ಲಿ ಸಕ್ಕರೆ ಇದೆಯೋ ಇಲ್ಲವೋ ಎಂಬುದೂ ತಿಳಿಯಲಿಲ್ಲ.

ಆ ಮೇಲೆ ಬಂದದ್ದು ಪೋರ್ಟಲ್. ಇನ್ನು ಕಾಗದದ ಅರ್ಜಿ ನಡೆಯುವುದಿಲ್ಲ, ಹಳೆಯ ಕೇಸಿನವರೂ ಮತ್ತೆ ಆನ್‌ಲೈನಿನಲ್ಲಿ ದೂರು ಹಾಕಬೇಕು ಎಂದು ಆದೇಶವಾಯಿತು. ಮನೆಯಲ್ಲೇ ಕೂತು ಬೆರಳ ತುದಿಯಲ್ಲಿ ನ್ಯಾಯ ಪಡೆಯಿರಿ ಎಂದು ಕರಪತ್ರ ಹಂಚಿದೆವು. ಗಿರಿಜಳ ಲೈನಿನಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಿ ಒಂದು ಬಂಡೆಯ ಮೇಲೆ ನಿಲ್ಲಬೇಕು. ಹಾಗಾಗಿ ಅವಳೂ, ಸುತ್ತಲಿನ ತೋಟಗಳ ದೂರುದಾರರೆಲ್ಲರೂ, ಮೂಡಿಗೆರೆಯಲ್ಲಿ ಸೈಬರ್ ಅಂಗಡಿ ಇಟ್ಟಿದ್ದ ಲೋಕೇಶನ ಹತ್ತಿರ ಹೋದರು. ದೂರು ಸಲ್ಲಿಕೆಯಾಗಬೇಕಾದರೆ ಮೊಬೈಲಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಕೂಡಲೇ ಒತ್ತಬೇಕು. ಮನೆಗೊಂದೇ ಫೋನು, ಅದು ಲೈನಿನಲ್ಲೇ ಇರುತ್ತದೆ, ಅಲ್ಲಿದ್ದವರು ಬಂಡೆ ಹತ್ತಿ ಸಂಖ್ಯೆ ನೋಡಿ ತಿಳಿಸುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಲೋಕೇಶ ಉಪಕಾರ ಬುದ್ಧಿಯವನು. ಎಲ್ಲರ ದೂರಿಗೂ ತನ್ನದೇ ನಂಬರು ಹಾಕಿಬಿಟ್ಟ. ಬೆಂಗಳೂರಿನ ಕಂಪ್ಯೂಟರಿನ ಪ್ರಕಾರ ನಮ್ಮ ಬೆಟ್ಟದ ಸೀಮೆಯಲ್ಲಿ ಅನ್ಯಾಯಕ್ಕೊಳಗಾದವನು ಒಬ್ಬನೇ, ಆದರೆ ಅವನಿಗೆ ಆದ ಅನ್ಯಾಯಕ್ಕೆ ಲೆಕ್ಕವಿಲ್ಲ.

ಒಂದು ದಿನ ಲೋಕೇಶನ ಅಂಗಡಿಯ ಇಂಟರ್ನೆಟ್ ಕೆಟ್ಟಿತು. ದೂರು ಕೊಟ್ಟ, ಸರಿ ಮಾಡಿಕೊಟ್ಟರು. ಅದರ ಬೆನ್ನಿಗೇ ಒಂದು ಕರೆ ಬಂತು, ರೆಕಾರ್ಡು ಮಾಡಿಟ್ಟ ಹೆಣ್ಣು ದನಿ. ನಿಮ್ಮ ದೂರುಗಳ ಬಗ್ಗೆ ತೆಗೆದುಕೊಂಡ ಕ್ರಮ ತೃಪ್ತಿಕರವಾಗಿದ್ದರೆ ಒಂದನ್ನು ಒತ್ತಿ. ಇಂಟರ್ನೆಟ್ಟಿನವರು ಎಷ್ಟು ಮರ್ಯಾದಸ್ಥರಪ್ಪ ಎಂದುಕೊಂಡು ಅವನು ಒಂದನ್ನು ಒತ್ತಿದ. ಅದು ನಮ್ಮ ಪೋರ್ಟಲಿನ ಕರೆ. ಆ ನಂಬರಿನಲ್ಲಿದ್ದ ದೂರುಗಳೆಲ್ಲವೂ ಆ ಒಂದು ಒತ್ತಿಗೆ ಮುಕ್ತಾಯವಾದವು.

ತಿಂಗಳೊಳಗೆ ನಮ್ಮ ಸಾಹೇಬರಿಗೆ ಬೆಂಗಳೂರಿನಿಂದ ಪ್ರಶಂಸಾಪತ್ರ ಬಂತು. ಮೂಡಿಗೆರೆ ಇನ್ನು ವ್ಯಾಜ್ಯಮುಕ್ತ ತಾಲ್ಲೂಕು! ಎಲ್ಲ ದೂರುಗಳೂ ಇತ್ಯರ್ಥ, ಎಲ್ಲ ದೂರುದಾರರೂ ತೃಪ್ತರು. ಕಚೇರಿಯಲ್ಲಿ ಕೇಕು ಕತ್ತರಿಸಿದರು. ನನಗೂ ಒಂದು ತುಂಡು ಕೊಟ್ಟರು. ಕೇಕು ಬಾಯಲ್ಲಿರುವಾಗಲೇ ಗಿರಿಜ ಬಾಗಿಲಲ್ಲಿ ನಿಂತಿದ್ದಳು.

"ಮೇಡಂ, ನಾನು ತೃಪ್ತಿ ಆಗಿದೀನಂತೆ. ಮ್ಯಾನೇಜರ್ ಸಾರ್ ಫೋನಲ್ಲಿ ತೋರ್ಸಿದ್ರು. ಕೇಸು ಮುಗೀತು, ಈ ತಿಂಗ್ಳೊಳಗೆ ಮನೆ ಖಾಲಿ ಮಾಡು ಅಂದ್ರು. ನಾನು ಯಾವಾಗ ಮೇಡಂ ತೃಪ್ತಿ ಆಗಿದ್ದು?"

ಅವಳನ್ನು ಕರೆದುಕೊಂಡು ಸಾಹೇಬರ ಕೋಣೆಗೆ ನುಗ್ಗಿದೆ. ಹೇಳಿದೆ, ಕೂಗಾಡಿದೆ ಎಂದರೂ ಸರಿಯೇ. ಸಾಹೇಬರು ಕೆಟ್ಟವರಲ್ಲ, ನಿಜಕ್ಕೂ ಪೇಚಿಗೆ ಬಿದ್ದರು. ಕಂಪ್ಯೂಟರಿನಲ್ಲಿ ಅಲ್ಲಿ ಇಲ್ಲಿ ಒತ್ತಿದರು, ಬೆಂಗಳೂರಿಗೆ ಫೋನ್ ಮಾಡಿದರು. ಕಡೆಗೆ ಬೆವರು ಒರೆಸಿಕೊಂಡು, "ತೃಪ್ತಿ ಅಂತ ಒಂದ್ಸಲ ಆದ ಮೇಲೆ ವಾಪಸ್ ತೆಗೆಯೋಕೆ ಬಟನ್ ಇಲ್ಲ ಮೇಡಂ. ಅದೇ ವಿಷಯಕ್ಕೆ ಹೊಸ ದೂರನ್ನೂ ಅದು ತಗೊಳ್ಳೋದಿಲ್ಲ" ಎಂದರು. ಹಾಗಾದರೆ ನಾನೇ ತೋಟಕ್ಕೆ ಹೋಗಿ ಮಾತಾಡಿ ಬರುತ್ತೇನೆ ಎಂದೆ. "ಹೇಗೆ ಹೋಗ್ತೀರಿ? ಆ ತೋಟವನ್ನ ಕಂಪ್ಯೂಟರ್ ಆರಿಸಿಲ್ಲವಲ್ಲ."

ಅವತ್ತು ನನಗಾದ ಅವಮಾನ ಇಷ್ಟೆಂದು ಹೇಳಲಾರೆ. ಹಳೆಯ ಸಾಹೇಬರ ಕಾಲದಲ್ಲಿ ಬಾಗಿಲು ತೆರೆದಿರುತ್ತಿತ್ತು, ಒಳಗೆ ಕೆಲಸವಾಗುತ್ತಿರಲಿಲ್ಲ. ಈಗ ಕೆಲಸವೆಲ್ಲ ಆಗಿಹೋಗಿತ್ತು, ಬಾಗಿಲೇ ಇರಲಿಲ್ಲ. ನಾನು ಒಂದು ಹಾಳೆ ತೆಗೆದುಕೊಂಡು ಮಾರನೆಯ ದಿನಕ್ಕೆ ಸಾಂದರ್ಭಿಕ ರಜೆ ಬರೆದೆ. ಕಾರಣ ಎಂಬ ಕಡೆ 'ಸ್ವಂತ ಕೆಲಸ' ಎಂದು ಬರೆದೆ. ಸಂಧಾನಕ್ಕೆಂದೇ ಸಂಬಳ ಪಡೆಯುವವರು ಸಂಧಾನ ಮಾಡಬೇಕಾದರೆ ರಜೆ ಹಾಕಬೇಕು, ಇದನ್ನು ಆ ಹುಡುಗಿಯರು ನೆನಪಿಟ್ಟುಕೊಳ್ಳಲಿ.

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಮತ್ತೆ ಮೆಣಸಿನ ಕೊಯ್ಲಿನ ಕಾಲ. ಬಳ್ಳಿಗಳಲ್ಲಿ ಕಾಳು ಹಣ್ಣಾಗಿ ಉದುರಲು ಶುರುವಾಗಿತ್ತು, ಆಳು ಸಿಗದೆ ಎಲ್ಲ ತೋಟದವರೂ ತಲೆ ಕೆಡಿಸಿಕೊಂಡಿದ್ದರು. ಅಂಗಳದಲ್ಲಿ ಕೆಲಸದವರು ಸಾಲಾಗಿ ನಿಂತಿದ್ದರು. ಹೆಂಗಸರು ಸೀರೆಯ ಮೇಲೆ ಗಂಡಸರ ಷರಟು ತೊಟ್ಟು ತಲೆಗೆ ಬಟ್ಟೆ ಬಿಗಿದಿದ್ದರು. ಗಿರಿಜಳೂ ಹಾಗೆಯೇ ಸಜ್ಜಾಗಿ ಬಂದು ನಿಂತಿದ್ದಳು, ವರ್ಷ ಪೂರ್ತಿ ನಿಂತ ಜಾಗದಲ್ಲೇ. ನನ್ನನ್ನು ಕಂಡ ಉಮೇಶ್ ಮುಖ ಗಂಟಿಕ್ಕಿ ಬಂದರು.

"ಮೇಡಮ್ಮೋರು ಡ್ಯೂಟಿ ಮೇಲೆ ಬಂದಿದ್ದಾ?"

"ಇಲ್ಲ ಉಮೇಶ್, ರಜೆ ಮೇಲೆ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ."

ಅವರಿಗೆ ಧೈರ್ಯ ಬಂತು. ಶುರು ಮಾಡು ಎಂದು ಶೇಷಪ್ಪನವರಿಗೆ ಕೈ ಸನ್ನೆ ಮಾಡಿದರು. ಶೇಷಪ್ಪ ಆ ತೋಟದಲ್ಲೇ ಮುದುಕರಾದವರು. ಹೆಸರುಗಳು ಅವರ ಬಾಯಲ್ಲಿ ತಾವಾಗಿಯೇ ಬರುತ್ತವೆ. ಪುಟ್ಟಯ್ಯ. ಬಂದೆ. ಬಾಬು. ಬಂದೆ. ಲಲಿತ. ಬಂದೆ. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು. ಗಾಬರಿಯಾಯಿತೋ ಏನೋ, ನಾಲಿಗೆ ಹಳೆಯ ಸಾಲಿನಲ್ಲೇ ಹೊರಟಿತು.

"ಗಿರಿಜ."

"ಬಂದೆ!"

ಅಂಗಳವೆಲ್ಲ ತಿರುಗಿ ನೋಡಿತು.

"ಏಯ್ ಶೇಷಪ್ಪ, ಎಂತ ಮಾರಾಯ ಅದು?" ಉಮೇಶ್ ಗದರಿದರು. "ಬಾಯಿ ತಪ್ಪಿದ್ದು. ಅದು ಬಿಡು, ಮುಂದಿನದು ಕೂಗು."

ಶೇಷಪ್ಪ ಗಂಟಲು ಸರಿ ಮಾಡಿಕೊಂಡು, "ಸುಂದರಿ" ಎಂದರು.

ಸುಂದರಿ ಎದುರಿಗೇ ನಿಂತಿದ್ದಳು. ಉಸಿರೆತ್ತಲಿಲ್ಲ. ಶೇಷಪ್ಪ ಇನ್ನೊಮ್ಮೆ ಕೂಗಿದರು. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಮರದ ತುದಿ ನೋಡುತ್ತ ನಿಂತಳು.

"ಎಂತದೇ, ಕಿವಿ ಕೇಳದಿಲ್ವಾ?" ಎಂದರು ಉಮೇಶ್.

"ಕೇಳ್ತದೆ ಸಾರ್. ಗಿರಿಜಕ್ಕ ಬಂದೆ ಅಂದದ್ದೂ ಕೇಳ್ತು. ಅದನ್ನ ಬರ್ಕೊಳ್ದೆ ನನ್ನ ಹೆಸರಿಗೆ ಹೆಂಗೆ ಬಂದ್ರಿ?"

ಉಮೇಶ್ ಅದರ ಮುಂದಿನ ಹೆಸರು ಕೂಗಿಸಿದರು. ಉತ್ತರವಿಲ್ಲ. ಅದರ ಮುಂದಿನದು. ಇಲ್ಲ. ಆಗಲೇ ಬಂದೆ ಎಂದಿದ್ದ ಪುಟ್ಟಯ್ಯನಾದರೂ ಏಣಿ ಎತ್ತಿಕೊಂಡು ಹೊರಡುತ್ತಾನೇನೋ ಎಂದು ನೋಡಿದರೆ, ಅವನು ಏಣಿಯನ್ನು ನೆಲಕ್ಕೆ ಮಲಗಿಸಿ ಅದರ ಮೇಲೆ ಕೂತ. ಯಾರೂ ಘೋಷಣೆ ಕೂಗಲಿಲ್ಲ, ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಅಲ್ಲೇ ಇದ್ದರು, ಯಾರೂ ಬಂದಿರಲಿಲ್ಲ. ಇವರೆಲ್ಲರನ್ನೂ ತೆಗೆದುಹಾಕಿದರೆ ಏನು ಗತಿ ಎಂದು ನಿಜಕ್ಕೂ ಹೆದರಿದೆ.

ಉಮೇಶ್ ನನ್ನ ಕಡೆ ತಿರುಗಿದರು. "ಮೇಡಮ್ಮೋರೆ, ನೋಡಿ ಇವ್ರು ಮಾಡೋದ. ನೀವಾದ್ರೂ ಒಂದು ಮಾತು ಹೇಳಿ."

"ಹೇಳಬಹುದಿತ್ತು ಉಮೇಶ್. ಆದರೆ ಕಂಪ್ಯೂಟರಿನಲ್ಲಿ ಈ ತೋಟದ ಜಗಳ ಮುಗಿದಿದೆ. ಮೇಲಾಗಿ ನಾನು ರಜೆಯಲ್ಲಿದೀನಿ."

ಅವರು ತೋಟದ ಆಫೀಸಿನೊಳಗೆ ಹೋಗಿ ಅಲ್ಲಿಯ ಹಳೆಯ ಲ್ಯಾಂಡ್‌ಲೈನಿನಲ್ಲಿ ಸಾಹುಕಾರರ ಜೊತೆ ಮಾತಾಡಿದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಮೆಣಸು, ಮೆಣಸು ಎಂದದ್ದು ಮಾತ್ರ ಕೇಳಿಸಿತು. ವಾಪಸು ಬಂದವರು ಯಾರ ಮುಖವನ್ನೂ ನೋಡಲಿಲ್ಲ. ಶೇಷಪ್ಪ ಮತ್ತೆ ಬಾಯಿ ತೆರೆಯಲು ಹೋದಾಗ ಅವರನ್ನು ತಡೆದು, ತಾವೇ ಕೂಗಿದರು.

"ಗಿರಿಜ."

"ಬಂದೆ ಸಾರ್."

"ಸುಂದರಿ" ಎಂದರು ಶೇಷಪ್ಪ, ಅವಸರ ಅವಸರವಾಗಿ. ಬಂದೆ. ಆಮೇಲೆ ಹೆಸರುಗಳು ಒಂದರ ಹಿಂದೆ ಒಂದು ಹರಿದವು. ನನಗೆ ಕಣ್ಣು ತುಂಬಿ ಬಂತು, ಅದರ ಜೊತೆಗೇ ನಾಚಿಕೆಯೂ ಆಯಿತು. ದುಂಡು ಮೇಜು, ಪಾರಿವಾಳ, ಬೆಂಗಳೂರಿನ ಕಂಪ್ಯೂಟರು, ಇಷ್ಟು ವರ್ಷ ಸಂಬಳ ತಿಂದ ನಾನು, ನಾವೆಲ್ಲ ಸೇರಿ ಕೊಡಿಸಲಾಗದ ಕೆಲಸವನ್ನು ಅವರು ಸುಮ್ಮನೆ ನಿಂತು ಕೊಡಿಸಿದ್ದರು.

"ಹೂಂ, ಹೋಗು. ಏಣಿ ಹಿಡಿ" ಎಂದರು ಉಮೇಶ್.

ಗಿರಿಜ ಹೋಗಲಿಲ್ಲ. "ಸಾರ್, ಏಣಿ ಒದ್ದೆ ಇದ್ರೆ ನಾನು ಯಾರ್ನೂ ಹತ್ತಕ್ಕೆ ಬಿಡಲ್ಲ. ಈಗ್ಲೇ ಹೇಳಿದೀನಿ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ."

ಉಮೇಶ್ ಜೀಪಿನ ಕಡೆ ನಡೆದರು. ಪುಟ್ಟಯ್ಯ ಏಣಿಯನ್ನು ಹೊತ್ತು ತಂದು ಮೊದಲ ಮರಕ್ಕೆ ಒರಗಿಸಿ, ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಸಿದ್ಧನಾದ. ಇಬ್ಬನಿಯ ಹೊತ್ತು. ಗಿರಿಜ ಬಿದಿರಿನ ಮೇಲೆ ಕೈ ಎಟಕುವಷ್ಟು ಎತ್ತರದ ತನಕ ಅಂಗೈ ಸವರಿದಳು. ಅಂಗೈ ನೋಡಿಕೊಂಡಳು. ಷರಟಿಗೆ ಒರೆಸಿಕೊಂಡಳು.

"ಈಗ ಬೇಡ" ಎಂದಳು. "ಬಿಸಿಲು ಬರ್ಲಿ."

ಎಲ್ಲರೂ ಅಲ್ಲಲ್ಲೇ ಕೂತರು. ಜೀಪಿನ ಹತ್ತಿರ ನಿಂತಿದ್ದ ಉಮೇಶ್ ಕೂಡ, ಸ್ವಲ್ಪ ಹೊತ್ತು ನೋಡಿ, ಬಾನೆಟ್ಟಿನ ಮೇಲೆ ಕೂತರು.